ಹೊಳೆ ಬಳಸಿದ ಸಂತೆಯೂರು

ಮಂಗಳವಾರ

ಶ್ರೂಸ್‌ಬರಿ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಬಿಸ್ಕತ್ತಿನ ಪೊಟ್ಟಣದ ಮೇಲೆ. ಬ್ಯಾಂಕು ನನ್ನನ್ನು ಪುಣೆಗೆ ವರ್ಗ ಮಾಡಿದ್ದ ಮೂರು ವರ್ಷವೂ, ಊರಿಗೆ ಹೊರಡುವ ಮುನ್ನ ಅಲ್ಲಿನ ಬೇಕರಿಯೊಂದರ ಮುಂದೆ ಸಾಲು ನಿಂತು ಒಂದೆರಡು ಕಿಲೋ ಶ್ರೂಸ್‌ಬರಿ ಬಿಸ್ಕತ್ತು ಕಟ್ಟಿಸಿಕೊಂಡು ಬರುವುದು ನನ್ನ ಪಾಲಿನ ತೆರಿಗೆಯಾಗಿತ್ತು. ಅದು ಬೇಕರಿಯವರ ಮನೆತನದ ಹೆಸರಿರಬೇಕು ಎಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಆ ಹೆಸರಿನ ಊರೊಂದಿದೆ, ಅದೊಂದು ಸಂತೆಯೂರು, ಅದನ್ನು ನದಿಯೊಂದು ಮುಕ್ಕಾಲುವಾಸಿ ಬಳಸಿಕೊಂಡು ಹರಿಯುತ್ತದೆ ಎಂದೆಲ್ಲ ಗೊತ್ತಾದದ್ದು ಅಣ್ಣನ ಮಗಳು ಅಲ್ಲಿನ ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ಮೇಲೆ. "ಇಲ್ಲಿ ನೋಡಲು ಏನೂ ಇಲ್ಲ ಚಿಕ್ಕಪ್ಪ, ಲಂಡನ್ನಿನಲ್ಲೇ ಇನ್ನೆರಡು ದಿನ ಇದ್ದು ಬನ್ನಿ" ಎಂದು ಫೋನಿನಲ್ಲಿ ಹೇಳಿದ್ದಳು. ಲಂಡನ್ನಿನಲ್ಲಿ ನಾಲ್ಕು ದಿನ ಜನರ ಬೆನ್ನು ನೋಡಿ ಸಾಕಾಗಿದ್ದ ನಮಗೆ ಏನೂ ಇಲ್ಲದ ಊರೇ ಬೇಕಾಗಿತ್ತು.

ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ, ಬರ್ಮಿಂಗ್‌ಹ್ಯಾಮಿನಲ್ಲಿ ಬದಲಿಸಿ, ಮತ್ತೊಂದು ಗಂಟೆ. ಕೊನೆಯ ಹದಿನೈದು ನಿಮಿಷ ಎಡಗಡೆ ಒಂದೇ ಒಂದು ಗುಡ್ಡ ಬಯಲಿನ ನಡುವೆ ಎಲ್ಲಿಂದಲೋ ತಂದು ಸುರಿದಂತೆ ಕಾಣಿಸುತ್ತಿತ್ತು. ಅದರ ಹೆಸರು ರೀಕಿನ್, ಎತ್ತರ 407 ಮೀಟರ್. ಸುರಿದಂತೆ ಎಂದದ್ದು ನನ್ನ ಕಲ್ಪನೆ ಎಂದು ಬೀಗುತ್ತಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ಅಣ್ಣನ ಮಗಳು ಹೇಳಿದ ಕಥೆಯಲ್ಲಿ ಅದು ನಿಜಕ್ಕೂ ಸುರಿದದ್ದೇ. ಶ್ರೂಸ್‌ಬರಿಯವರ ಮೇಲೆ ಹಗೆಯಿದ್ದ ರಾಕ್ಷಸನೊಬ್ಬ ಸೆವರ್ನ್ ನದಿಗೆ ಅಡ್ಡ ಹಾಕಿ ಊರನ್ನು ಮುಳುಗಿಸಬೇಕೆಂದು ಸಲಿಕೆ ತುಂಬ ಮಣ್ಣು ಹೊತ್ತು ಹೊರಟನಂತೆ. ದಾರಿ ತಪ್ಪಿ ಸುಸ್ತಾಗಿದ್ದವನಿಗೆ ಎದುರಾದದ್ದು ಒಬ್ಬ ಚಮ್ಮಾರ, ಬೆನ್ನ ಮೇಲೆ ದುರಸ್ತಿಗೆಂದು ತಂದ ಹಳೆಯ ಬೂಟುಗಳ ಮೂಟೆ. ಊರಿಗೆ ಇನ್ನೆಷ್ಟು ದೂರ ಎಂದು ಕೇಳಿದರೆ ಚಮ್ಮಾರ ಮೂಟೆ ಬಿಚ್ಚಿ, "ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಇಷ್ಟು ಜೋಡು ಸವೆದವು ಸ್ವಾಮಿ" ಎಂದನಂತೆ. ರಾಕ್ಷಸ ಹತಾಶನಾಗಿ ಮಣ್ಣನ್ನು ಅಲ್ಲೇ ಸುರಿದು ಹೋದ. ಬೂಟಿಗೆ ಮೆತ್ತಿದ್ದನ್ನು ಸಲಿಕೆಯಿಂದ ಕೆರೆದು ಉದುರಿಸಿದ್ದು ಪಕ್ಕದ ಸಣ್ಣ ಗುಡ್ಡ. ಊರನ್ನು ಉಳಿಸಿದವನು ರಾಜನೋ ಸಂತನೋ ಆಗದೆ ಬೂಟು ಹೊಲಿಯುವವನಾದದ್ದು ನನಗೆ ಹಿಡಿಸಿತು.

ನಿಲ್ದಾಣದಲ್ಲಿ ಇಳಿದರೆ ನೆತ್ತಿಯ ಮೇಲೆಯೇ ಕೆಂಪು ಕಲ್ಲಿನ ಕೋಟೆ. ನಿಲ್ದಾಣ 1848ರಲ್ಲಿ ಕಟ್ಟಿದ್ದು. ಪ್ಲಾಟ್‌ಫಾರ್ಮಿನ ಒಂದು ತುದಿ ನದಿಯ ಮೇಲೆ ಸೇತುವೆಯಾಗಿ ಚಾಚಿಕೊಂಡಿದೆ. ಆ ತುದಿಗೆ ನಡೆದರೆ ಹಳಿಗಳ ಕವಲಿನಲ್ಲಿ ದೊಡ್ಡದೊಂದು ಇಟ್ಟಿಗೆಯ ಮನೆ ಕಾಣುತ್ತದೆ. 1903ರ ಸಿಗ್ನಲ್ ಕೋಣೆ. ಒಳಗೆ 180 ಸನ್ನೆಗಳ ಸಾಲು. ಈಗಲೂ ಮನುಷ್ಯರು ಕೈಯಿಂದ ಎಳೆದು ಕೈಮರ ಏಳಿಸಿ ಇಳಿಸುವ ಇಂಥ ಕೋಣೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಇದು. ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಹೆಂಡತಿ ಎರಡು ಸೂಟ್‌ಕೇಸನ್ನೂ ತಾನೇ ಎಳೆದುಕೊಂಡು ಹೊರಗೆ ಹೋಗಿಯಾಗಿತ್ತು.

ಹೆಸರಿನ ಉಚ್ಚಾರದಲ್ಲಿ ಊರೇ ಎರಡು ಪಂಗಡ. ಒಂದು ಪಂಗಡಕ್ಕೆ ಶ್ರೂಸ್‌ಬರಿ, ಇನ್ನೊಂದಕ್ಕೆ ಶ್ರೋಸ್‌ಬರಿ. ಟ್ಯಾಕ್ಸಿಯವನು ಒಂದು ಅಂದ, ಪಕ್ಕದ ಮನೆಯ ಅಜ್ಜಿ ಇನ್ನೊಂದು ಅಂದರು. ಪುಣೆಯವರು ಹೇಳುವುದು ಮೊದಲನೆಯದನ್ನು. ನಾನೂ ಅದರಲ್ಲೇ ಉಳಿದೆ.

ಬುಧವಾರ

ಬುಧವಾರ ಮಾರ್ಕೆಟ್ ಡ್ರೇಟನ್ನಿನಲ್ಲಿ ಸಂತೆ. ಹೆಸರಿನಲ್ಲೇ ಮಾರ್ಕೆಟ್ ಇರುವ ಊರು. ಮೂರನೆಯ ಹೆನ್ರಿ ದೊರೆ 1245ರಲ್ಲಿ ಸನ್ನದು ಕೊಟ್ಟ ಮೇಲೆ ಅಲ್ಲಿ ಸಂತೆ ಬುಧವಾರವೇ. ನಾನು ಶ್ರೂಸ್‌ಬರಿಯ ಕೋಟೆ ಚರ್ಚು ಬಿಟ್ಟು ಮೊದಲ ದಿನವೇ ಬಸ್ಸು ಹತ್ತಿ ಇನ್ನೊಂದು ಊರಿಗೆ ಹೊರಟದ್ದು ಅಣ್ಣನ ಮಗಳಿಗೆ ವಿಚಿತ್ರವಾಗಿ ಕಂಡಿತು. ಆದರೆ ಮೂವತ್ತೆರಡು ವರ್ಷ ಬ್ಯಾಂಕಿನ ಲೆಕ್ಕ ತಪಾಸಣೆ ಮಾಡಿದವನಿಗೆ ಸನ್ನದು, ಸುಂಕ, ಅಳತೆ ಎಂದರೆ ಕಿವಿ ನೆಟ್ಟಗಾಗುತ್ತದೆ.

ಇಲ್ಲಿ ಸಂತೆಯೂರು ಎಂದರೆ ಸಂತೆ ಸೇರುವ ಊರು ಎಂದಷ್ಟೇ ಅಲ್ಲ. ಸಂತೆ ಸೇರಿಸುವುದು ಒಂದು ಹಕ್ಕು. ದೊರೆಯಿಂದ ಬರೆಸಿಕೊಂಡು ತರಬೇಕಾದದ್ದು, ಅಂಗಡಿಯ ಸುಂಕ ಎತ್ತುವ ಅಧಿಕಾರವೂ ಅದರ ಜೊತೆಗೇ ಬರುವಂಥದ್ದು. ಪಕ್ಕದೂರಿನವನು ಸುಮ್ಮನೆ ತಾನೂ ಒಂದು ಸಂತೆ ಹೂಡಿದರೆ ಹಳೆಯ ಸಂತೆಯವನು ನ್ಯಾಯಕ್ಕೆ ಹೋಗುತ್ತಿದ್ದ. ಎಷ್ಟು ಹತ್ತಿರವಾದರೆ ತಪ್ಪು? ಹದಿಮೂರನೆಯ ಶತಮಾನದ ಕಾನೂನು ಪಂಡಿತರು ಅದಕ್ಕೊಂದು ಲೆಕ್ಕ ಕಟ್ಟಿದ್ದರು: ಆರು ಮೈಲಿ ಮತ್ತು ಮೂರನೆಯ ಎರಡು ಭಾಗ. ಮನುಷ್ಯ ದಿನಕ್ಕೆ ನಡೆಯಬಲ್ಲದ್ದು ಇಪ್ಪತ್ತು ಮೈಲಿ. ದಿನವನ್ನು ಮೂರು ಪಾಲು ಮಾಡಿದರೆ ಹೋಗಲು ಒಂದು ಪಾಲು, ವ್ಯಾಪಾರಕ್ಕೆ ಒಂದು ಪಾಲು, ಕತ್ತಲಾಗುವ ಮುನ್ನ ಮನೆ ಸೇರಲು ಒಂದು ಪಾಲು. ಇಪ್ಪತ್ತನ್ನು ಮೂರರಿಂದ ಭಾಗಿಸಿ. ಇಷ್ಟು ಮಾನವಂತ ಭಾಗಾಕಾರವನ್ನು ನಾನು ನನ್ನ ಸೇವೆಯಲ್ಲಿ ನೋಡಿಲ್ಲ.

ಸಂತೆ ನೋಡಿ ಮಾತ್ರ ಸ್ವಲ್ಪ ಪೆಚ್ಚಾಯಿತು. ಚೆಷೈರ್ ಬೀದಿಯಲ್ಲಿ ಪಟ್ಟೆಪಟ್ಟೆ ಬಟ್ಟೆಯ ಸೂರಿನ ಅಂಗಡಿಗಳು: ಕಾಲುಚೀಲ, ಮೊಬೈಲಿನ ಕವಚ, ಹೂವಿನ ಸಸಿ, ಚೀಸ್, ನಾಯಿಗೆ ಹಾಕುವ ಬಿಸ್ಕತ್ತು. ಕೂಗಿ ಕರೆಯುವವರಿಲ್ಲ, ಚೌಕಾಶಿ ಇಲ್ಲ. ಹೆಂಡತಿ ಅಭ್ಯಾಸಬಲದಿಂದ ಒಂದು ಕುಂಡಕ್ಕೆ ಬೆಲೆ ಇಳಿಸಿ ಕೇಳಿದಳು. ಅಂಗಡಿಯಾಕೆ ನಕ್ಕು, "ಇಲ್ಲ, ಲವ್" ಎಂದಳು. ಆ ಕೊನೆಯ ಪದ ಇಲ್ಲಿ ನಮ್ಮ "ಅಮ್ಮಾ", "ತಾಯಿ" ಇದ್ದ ಹಾಗೆ ಎಂದು ನಾನು ವಿವರಿಸಿದ ಮೇಲೂ, ಅದನ್ನೇ ಇನ್ನೊಂದು ಅಂಗಡಿಯಾಕೆ ನನಗೆ ಹೇಳಿದಾಗ ನನ್ನ ಹೆಂಡತಿ ಒಪ್ಪಲಿಲ್ಲ.

ಬೀದಿಯ ಕೂಡಿನಲ್ಲಿ ನಾಲ್ಕೂ ಕಡೆ ತೆರೆದ, ಕಂಬಗಳ ಮೇಲೆ ನಿಂತ ಸಣ್ಣ ಮಂಟಪವಿದೆ. ಬಟರ್‌ಕ್ರಾಸ್ ಎನ್ನುತ್ತಾರೆ, ಕಟ್ಟಿದ್ದು 1842ರಲ್ಲಿ. ಹಳ್ಳಿಯಿಂದ ಬೆಣ್ಣೆ, ಚೀಸ್ ತರುವ ಹೆಂಗಸರು ಬಿಸಿಲು ಮಳೆಗೆ ಕೆಡದ ಹಾಗೆ ಕುಳಿತು ಮಾರಲೆಂದು. ಅದರ ಕಟ್ಟೆಯ ಮೇಲೆ ಕುಳಿತು ನಾವು ಈ ಊರು ಹೆಸರಾಗಿರುವ ಜಿಂಜರ್‌ಬ್ರೆಡ್ ತಿಂದೆವು. ಶುಂಠಿ ಹಾಕಿ ಬೇಯಿಸಿದ ಗಟ್ಟಿ ಕಡ್ಡಿ, ಕಟಂ ಎನ್ನುತ್ತದೆ. ಊರವರು ಅದನ್ನು ಪೋರ್ಟ್ ವೈನಿನಲ್ಲಿ ಅದ್ದಿ ತಿನ್ನುತ್ತಾರಂತೆ. ನಾವು ಫ್ಲಾಸ್ಕಿನ ಕಾಫಿಯಲ್ಲಿ ಅದ್ದಿದೆವು. 1651ರಲ್ಲಿ ಊರಿನ ಬಹುಪಾಲು ಸುಟ್ಟುಹೋದದ್ದೂ ಒಂದು ಬೇಕರಿಯಿಂದ ಹೊತ್ತಿದ ಬೆಂಕಿಯಿಂದಲೇ. ಆದರೂ ಒಲೆಯ ಮೇಲೆ ಮುನಿಸಿಕೊಳ್ಳಲಿಲ್ಲ ನೋಡಿ.

ಚರ್ಚಿನ ಗೋಪುರದ ಕೆಳಗೆ ನಿಂತು ತಲೆಯೆತ್ತಿ ನೋಡಿದೆ. ಮೇಲೆ ಗಾರ್ಗೋಯ್ಲ್ ಎಂಬ, ಮಳೆನೀರು ಉಗುಳುವ ವಿಕಾರ ಮುಖದ ಕಲ್ಲುಗಳಿವೆ. ಈ ಊರಿನ ಹುಡುಗನೊಬ್ಬ ಅದರಲ್ಲೊಂದರ ಮೇಲೆ ಹತ್ತಿ ಕುಳಿತು ಕೆಳಗಿನವರ ಎದೆ ನಡುಗಿಸಿದ್ದನಂತೆ. ಜೊತೆಗೆ ಒಂದು ಪಡೆ ಕಟ್ಟಿ, ಕಿಟಕಿ ಒಡೆಯದೆ ಬಿಡಲು ಅಂಗಡಿಯವರಿಂದ ಕಾಸು, ಹಣ್ಣು ವಸೂಲು ಮಾಡುತ್ತಿದ್ದನಂತೆ. ಕೊಡದವರ ಅಂಗಡಿಗೆ ಚರಂಡಿ ನೀರು ತಿರುಗಿಸುತ್ತಿದ್ದನಂತೆ. ಹತ್ತಿರದ ಸ್ಟೈಚ್ ಎಂಬಲ್ಲಿ 1725ರಲ್ಲಿ ಹುಟ್ಟಿದ ಅವನ ಕಾಟ ತಡೆಯಲಾರದೆ ಅಪ್ಪ ಹದಿನೆಂಟರ ಪ್ರಾಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನನ್ನಾಗಿ ಮದರಾಸಿಗೆ ಹಡಗು ಹತ್ತಿಸಿದ. ರಾಬರ್ಟ್ ಕ್ಲೈವ್. ಮಾರ್ಕೆಟ್ ಡ್ರೇಟನ್ನಿನ ಅಂಗಡಿಯವರು ಅಂದು ಒಳ್ಳೆಯ ನಿದ್ದೆ ಮಾಡಿರಬೇಕು.

ಗುರುವಾರ

ಇಡೀ ದಿನ ಮಳೆ. ಮಧ್ಯಾಹ್ನ ಸ್ವಲ್ಪ ಹೊಳವಾದಾಗ ಡಿದರಿಂಗ್ಟನ್ನಿನ ನಾರಗಸೆ ಗಿರಣಿಗೆ ಹೋಗಿ ಬಂದೆವು. 1797ರಲ್ಲಿ ಚಾರ್ಲ್ಸ್ ಬೇಜ್ ಎಂಬಾತ ಮರದ ತೊಲೆಗಳನ್ನು ಬಿಟ್ಟು ಎರಕದ ಕಬ್ಬಿಣದ ಕಂಬ, ತೊಲೆಗಳ ಮೇಲೆ ನಿಲ್ಲಿಸಿದ ಗಿರಣಿ. ನಾರಿನ ದೂಳಿಗೆ ಕಿಡಿ ತಗುಲಿದರೆ ಮರದ ಗಿರಣಿಗಳು ಗಳಿಗೆಯಲ್ಲಿ ಬೂದಿಯಾಗುತ್ತಿದ್ದವು ಎಂಬ ಭಯಕ್ಕೆ ಹೊಳೆದ ಉಪಾಯ. ಕಬ್ಬಿಣದ ಚೌಕಟ್ಟಿನ ಮೇಲೆ ನಿಂತ ಜಗತ್ತಿನ ಮೊದಲ ಕಟ್ಟಡ ಇದು. ಗಗನಚುಂಬಿಗಳ ಅಜ್ಜ ಎಂದು ಹೇಳಿಕೊಳ್ಳುತ್ತಾರೆ. ಅಜ್ಜನಿಗೆ ಐದೇ ಅಂತಸ್ತು. ಆಮೇಲೆ ಬಾರ್ಲಿ ಮೊಳಕೆ ಕಟ್ಟಿಸುವ ಮಾಲ್ಟ್ ಮನೆಯಾಗಿ, ಹಾಳುಬಿದ್ದು, ದುರಸ್ತಿಯಾಗಿ 2022ರಲ್ಲಿ ಮತ್ತೆ ಬಾಗಿಲು ತೆರೆದಿದೆ. ಕಂಬಗಳು ನನ್ನ ತೋಳಿನಷ್ಟೇ ದಪ್ಪವಿದ್ದಂತೆ ಕಂಡವು. ಅದರ ಮೇಲೆ ಅಷ್ಟು ಭಾರ!

ಸಂಜೆ ಅಣ್ಣನ ಮಗಳು ಹುಳಿ ಮಾಡಿದ್ದಳು.

ಶುಕ್ರವಾರ

ಬೆಳಗಿನ ಬಿಸಿಲು ನೋಡಿ ಇವತ್ತು ಊರೊಳಗೇ ನಡೆಯುವುದೆಂದು ಹೊರಟೆವು.

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಎರಡೂ ಕಡೆ ನೀರಿರುವ ಊರಿನವನಿಗೆ ಇಂಥ ಊರು ಅರ್ಥವಾಗಲು ಹೊತ್ತು ಬೇಡ. ಸೆವರ್ನ್ ಬ್ರಿಟನ್ನಿನಲ್ಲೇ ಉದ್ದದ ನದಿ, 354 ಕಿಲೋಮೀಟರ್. ಅದು ಇಲ್ಲಿಗೆ ಬಂದು ಒಂದು ದಿಬ್ಬವನ್ನು ಲಾಳದಂತೆ ಸುತ್ತಿ, ಹೊರಟ ಜಾಗದ ಹತ್ತಿರಕ್ಕೇ ಮತ್ತೆ ಬಂದು, ಮುಂದೆ ಹೋಗುತ್ತದೆ. ಸುತ್ತು ಪೂರ್ಣವಾಗದೆ ಉಳಿದ ಸಣ್ಣ ಕುತ್ತಿಗೆಯಲ್ಲಿ ಕೋಟೆ. ಪೂರ್ವದ ಸೇತುವೆಗೆ ಇಂಗ್ಲಿಷ್ ಸೇತುವೆ, ಪಶ್ಚಿಮದ್ದಕ್ಕೆ ವೆಲ್ಷ್ ಸೇತುವೆ ಎಂದು ಹೆಸರು. ದಾಟಿದರೆ ಯಾರ ಸೀಮೆ ಎನ್ನುವುದು ಅದರಲ್ಲೇ ಇದೆ. ವೆಲ್ಷ್ ಸೇತುವೆಯಾಚೆಯ ಫ್ರಾಂಕ್‌ವೆಲ್‌ನಲ್ಲಿ ನದಿದಂಡೆಯ ಗೋಡೆಯನ್ನು ನೋಡಿ. ನೆರೆ ಬರುತ್ತದೆಂದರೆ ಕಂಬ ನಿಲ್ಲಿಸಿ, ಹಲಗೆ ಜೋಡಿಸಿ ತಡೆಗೋಡೆ ಎಬ್ಬಿಸುತ್ತಾರೆ. ನೀರು ಇಳಿದ ಮೇಲೆ ಬಿಚ್ಚಿ ಉಗ್ರಾಣಕ್ಕೆ ಒಯ್ಯುತ್ತಾರೆ. ಕೆ.ಆರ್.ಎಸ್.ನಿಂದ ನೀರು ಬಿಟ್ಟರು ಎಂದ ಕೂಡಲೆ ನಮ್ಮಪ್ಪ ಭತ್ತದ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದುದು ನೆನಪಾಯಿತು. ಬಂದೋಬಸ್ತು ಬೇರೆ, ಎದೆಯ ಡವಡವ ಒಂದೇ ಇರಬೇಕು.

ಒಳಗಿನ ಬೀದಿಗಳ ಹೆಸರೇ ಒಂದು ಹಳೆಯ ಸಂತೆಯ ಪಟ್ಟಿ: ಮೀನಿನ ಬೀದಿ, ಹಾಲಿನ ಬೀದಿ, ಕಟುಕರ ಸಾಲು. ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಇದ್ದ ಹಾಗೆ. ಬೀದಿಯಿಂದ ಬೀದಿಗೆ ನುಸುಳುವ ಓಣಿಗಳಿಗೆ ಇಲ್ಲಿಯವರು "ಶಟ್" ಎನ್ನುತ್ತಾರೆ. ಕೆಲವು ಓಣಿಗಳಲ್ಲಿ ಮೇಲಿನ ಅಂತಸ್ತುಗಳು ಮುಂದಕ್ಕೆ ಬಾಗಿ ಎದುರುಮನೆಯವರು ಕೈಕುಲುಕುವಷ್ಟು ಹತ್ತಿರ. ಗ್ರೋಪ್ ಲೇನ್ ಎಂಬ ಓಣಿಯ ಪೂರ್ವದ ಹೆಸರು ಇನ್ನೂ ಒಂದು ಪದ ಹೆಚ್ಚು ಉದ್ದವಿತ್ತು. ಅಲ್ಲಿ ಯಾವ ವ್ಯಾಪಾರ ನಡೆಯುತ್ತಿತ್ತು ಎನ್ನುವುದನ್ನು ಆ ಪದ ಮುಚ್ಚುಮರೆಯಿಲ್ಲದೆ ಹೇಳುತ್ತಿತ್ತು. ಅದೇನೆಂದು ಹೆಂಡತಿ ಕೇಳಿದಾಗ ನಾನು ಎದುರಿನ ಮರದ ಚೌಕಟ್ಟಿನ ಮನೆಯ ಅಂದವನ್ನು ವರ್ಣಿಸತೊಡಗಿದೆ.

ಕಟುಕರ ಸಾಲಿನಲ್ಲಿ ಹದಿನೈದನೆಯ ಶತಮಾನದ ಮನೆಯೊಂದರ ಕೆಳ ಅಂತಸ್ತಿನಲ್ಲಿ ಆಗಿನ ಅಂಗಡಿ ಕಿಟಕಿಗಳು ಹಾಗೆಯೇ ಉಳಿದಿವೆ. ಅಗಲವಾದ ಹಲಗೆಯ ಹೊಸ್ತಿಲು. ಅದರ ಮೇಲೆಯೇ ಮಾಂಸವಿಟ್ಟು ಕಡಿದು ಮಾರುತ್ತಿದ್ದರು. ಚೌಕದಲ್ಲಿ 1596ರ ಹಳೆಯ ಸಂತೆಕಟ್ಟೆ ಇದೆ. ಕೆಳಗೆ ಕಮಾನುಗಳ ತೆರೆದ ಅಂಗಳ, ಅಲ್ಲಿ ಧಾನ್ಯ. ಮೇಲಿನ ಕೋಣೆಯಲ್ಲಿ ವೇಲ್ಸಿನ ನೇಕಾರರು ತಂದ ಉಣ್ಣೆಬಟ್ಟೆಯ ವ್ಯಾಪಾರ. ಈ ಊರಿನ ಶ್ರೀಮಂತ ಮನೆಗಳೆಲ್ಲ ಎದ್ದದ್ದು ಆ ಬಟ್ಟೆಯ ದಲ್ಲಾಳಿತನದಿಂದ. ನೆಯ್ದವರು ಬೆಟ್ಟದಾಚೆ ಉಳಿದರು, ಮನೆ ಕಟ್ಟಿದವರು ಇಲ್ಲಿ. ಈಗ ಮೇಲೆ ಸಿನಿಮಾ ತೋರಿಸುತ್ತಾರೆ.

ಕೆಳಗಿನ ಅಂಗಳದಲ್ಲಿ ಕಮಾನಿನ ಬದಿಯ ಕಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಸಾಲಾಗಿ ದುಂಡನೆಯ ತೂತುಗಳಿವೆ. ದಿನಕ್ಕೆ ನೂರಾರು ಜನ ನೋಡದೆ ದಾಟುತ್ತಾರೆ. ಮಾರಾಟವಾದ ಸರಕನ್ನು ಎಣಿಸಲು ಗೂಟ ಸಿಕ್ಕಿಸುತ್ತಿದ್ದ ತೂತುಗಳು ಅವು. ಓದು ಬರಹ ಬಾರದವನಿಗೂ ಮೋಸವಾಗದ ಖಾತೆ ಪುಸ್ತಕ. ಹೆಬ್ಬೆರಳು ತೂರಿಸಿ ನೋಡಿದೆ. ಅಂಚು ಸವೆದು ಒಳಗೆ ನಯವಾಗಿದೆ. ಕೆಳಗಿನವು ಹೆಚ್ಚು ಸವೆದಿವೆ, ಮೇಲಿನವು ಕಡಿಮೆ. ಎಲ್ಲ ವ್ಯಾಪಾರವೂ ಒಂದು ಎರಡರಿಂದ ಶುರುವಾಗುತ್ತದೆ, ಮೇಲಿನ ಗೂಟದವರೆಗೆ ಮುಟ್ಟುವ ದಿನಗಳು ಕಡಿಮೆ ಎಂದು ನಾನು ಲೆಕ್ಕ ಹಾಕಿದೆ. ತಪ್ಪಿರಬಹುದು, ಮಕ್ಕಳ ಕೈಗೆ ಎಟುಕುವುದು ಕೆಳಗಿನವೇ ತಾನೆ.

ಅದರೆದುರಿಗೆ ಎತ್ತರದ ಪೀಠದ ಮೇಲೆ ಕಂಚಿನ ಕ್ಲೈವ್. 1860ರಲ್ಲಿ ನಿಲ್ಲಿಸಿದ್ದು, ಮಾರೋಕೆಟ್ಟಿ ಎಂಬ ಶಿಲ್ಪಿಯ ಕೆಲಸ. ಗಾರ್ಗೋಯ್ಲಿನ ಮೇಲೆ ಕೂರುತ್ತಿದ್ದ ಹುಡುಗ ಪ್ಲಾಸಿ ಗೆದ್ದು ಬಂದ ಮೇಲೆ 1761ರಿಂದ ಸಾಯುವವರೆಗೆ ಈ ಊರಿನ ಸಂಸದ, 1762ರಲ್ಲಿ ಮೇಯರ್. ಬಂಗಾಳದ ಜಾಗೀರೊಂದರಿಂದಲೇ ವರ್ಷಕ್ಕೆ 27,000 ಪೌಂಡ್ ಬರುತ್ತಿತ್ತು. 1773ರಲ್ಲಿ ಪಾರ್ಲಿಮೆಂಟು ಇಷ್ಟು ದುಡ್ಡು ಹೇಗೆ ಬಂತೆಂದು ವಿಚಾರಣೆಗೆ ಕೂರಿಸಿದಾಗ, ತನ್ನೆದುರು ತೆರೆದಿದ್ದ ಖಜಾನೆಯನ್ನು ನೆನೆದರೆ ತಾನು ತೋರಿದ ಸಂಯಮಕ್ಕೆ ತನಗೇ ಬೆರಗಾಗುತ್ತದೆ ಎಂದು ಉತ್ತರಿಸಿದನಂತೆ. ತಪಾಸಣೆಗೆ ಹೋದ ಶಾಖೆಗಳಲ್ಲಿ ನಾನು ಬಗೆಬಗೆಯ ಸಮಜಾಯಿಷಿ ಕೇಳಿದ್ದೇನೆ. ಇದರ ಎತ್ತರಕ್ಕೆ ಯಾರೂ ಏರಿರಲಿಲ್ಲ. 2020ರಲ್ಲಿ ಪ್ರತಿಮೆ ತೆಗೆಯಬೇಕೆಂದು ಸಾವಿರಾರು ಜನ ಸಹಿ ಹಾಕಿದರು. ಕೌನ್ಸಿಲ್ಲಿನವರು ಮತಕ್ಕೆ ಹಾಕಿ ಉಳಿಸಿಕೊಂಡರು.

ಈ ಊರಿನ ಗೋಡೆಗಳು ವಾಚಾಳಿ. ಸೇಂಟ್ ಮೇರಿ ಚರ್ಚಿನ ಗೋಡೆಯ ಮೇಲೆ ರಾಬರ್ಟ್ ಕ್ಯಾಡ್ಮನ್ ಎಂಬ ಹಗ್ಗದಾಟದವನ ಕಲ್ಲಿದೆ. ಗೋಪುರದ ತುದಿಯಿಂದ ನದಿಯಾಚೆಗೆ ಹಗ್ಗ ಕಟ್ಟಿ ಜಾರುತ್ತಿದ್ದವನು 1739ರಲ್ಲಿ ಹಗ್ಗ ಹರಿದು ಬಿದ್ದು ಸತ್ತ. ಕೆಚ್ಚು ಸಾಲದೆ ಬಿದ್ದನೆಂದು ಯಾರೂ ತಿಳಿಯಬಾರದೆಂದೋ ಏನೋ, ಹಗ್ಗವನ್ನು ತೀರ ಬಿಗಿದದ್ದೇ ಕಾರಣವೆಂದು ಪದ್ಯದಲ್ಲೇ ಕೆತ್ತಿದ್ದಾರೆ. ಪ್ರೈಡ್ ಹಿಲ್ ಎಂಬ ಅಂಗಡಿ ಬೀದಿಯ ನೆತ್ತಿಯಲ್ಲಿ 1283ರಲ್ಲಿ ವೇಲ್ಸಿನ ರಾಜಕುಮಾರ ದಾವಿದ್‌ನನ್ನು ಕುದುರೆಗೆ ಕಟ್ಟಿ ಎಳೆಸಿ, ನೇಣು ಹಾಕಿ, ತುಂಡು ಮಾಡಿದ್ದನ್ನು ಬರೆದಿದ್ದಾರೆ. ಹಳೆಯ ಶಾಲೆಯ ಕಟ್ಟಡದಲ್ಲಿ ಈಗ ಗ್ರಂಥಾಲಯವಿದೆ. ಅದರ ಮುಂದೆ ಚಾರ್ಲ್ಸ್ ಡಾರ್ವಿನ್ ಕುರ್ಚಿಯಲ್ಲಿ ಕುಳಿತಿದ್ದಾನೆ. 1809ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಇದೇ ಶಾಲೆಯಲ್ಲಿ ಓದಿದವನು. ಊರ ಅಂಚಿನ ನಲವತ್ತು ಮೀಟರ್ ಎತ್ತರದ ಕಂಬದ ಮೇಲೆ ವೆಲಿಂಗ್ಟನ್ನನ ಬಲಗೈಯಾಗಿದ್ದ ಜನರಲ್ ಹಿಲ್. ಕ್ಲೈವನ ಪೀಠದಲ್ಲಿ ಮಾತ್ರ ದೊಡ್ಡಕ್ಷರದಲ್ಲಿ ಅವನ ಹೆಸರೊಂದೇ.

ಕೊನೆಗೆ ಈಗಿನ ಮಾರ್ಕೆಟ್ಟು. 1965ರ ಇಟ್ಟಿಗೆ ಕಟ್ಟಡ. ಹಳೆಯ ಚೆಂದದ್ದನ್ನು ಕೆಡವಿ ಕಟ್ಟಿದ್ದೆಂಬ ಸಿಟ್ಟು ಊರವರಲ್ಲಿ ಇನ್ನೂ ಇದೆ. ಹೊರಗಿನಿಂದ ಅದು ದೂರವಾಣಿ ವಿನಿಮಯ ಕೇಂದ್ರದಂತೆ ಕಾಣುತ್ತದೆ, ಮೇಲೊಂದು ಗಡಿಯಾರದ ಗೋಪುರ. ಆದರೆ ಮೆಟ್ಟಿಲು ಹತ್ತಿ ಒಳಹೊಕ್ಕರೆ ನಿಜವಾದ ಸಂತೆ ಅಲ್ಲಿದೆ. ಮೀನು, ಬ್ರೆಡ್ಡು, ಹಳೆಯ ಪುಸ್ತಕ, ನೂಲಿನ ಉಂಡೆ, ಕಾಫಿ ಹುರಿಯುವ ಘಮ, ನಡುನಡುವೆ ಬಿಸಿ ಊಟದ ಅಂಗಡಿಗಳು, ಗದ್ದಲ. ದೇಶದ ಜನಮೆಚ್ಚಿದ ಮಾರುಕಟ್ಟೆ ಎಂದು 2018ರಲ್ಲೂ 2023ರಲ್ಲೂ ಇದೇ ಗೆದ್ದಿತಂತೆ. ಡ್ರೇಟನ್ನಿನಲ್ಲಿ ಪೆಚ್ಚಾಗಿದ್ದ ನನ್ನ ಮನಸ್ಸು ಇಲ್ಲಿ ತುಂಬಿತು. ಮೇ ತಿಂಗಳು ಆಸ್ಪರಾಗಸ್ಸಿನ ಕಾಲ. ತರಕಾರಿ ಅಂಗಡಿಯಲ್ಲಿ ಹಸಿರು ಕಟ್ಟುಗಳನ್ನು ಹೂವಿನ ಹಾಗೆ ನಿಲ್ಲಿಸಿದ್ದರು. ಹೆಂಡತಿ ಒಂದು ಕಟ್ಟು ಎತ್ತಿಕೊಂಡು ಮೂಸಿ, ತುದಿ ಮುರಿದು ನೋಡಿ, "ಇದು ನಮ್ಮ ಹಲವು ಮಕ್ಕಳ ತಾಯಿ ಬೇರಿನ ಜಾತಿ" ಎಂದಳು. ನಿಜವೇ, ನಮ್ಮ ಶತಾವರಿಯ ದಾಯಾದಿ. ರಾತ್ರಿ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿ ಕಾಯಿತುರಿ ಉದುರಿಸಿ ಪಲ್ಯ ಮಾಡಿದಳು. ಬೆಣ್ಣೆ ಸವರಿ ಬೇಯಿಸಿ ತಿನ್ನುವ ಇಂಗ್ಲೆಂಡಿನವರಿಗೆ ಈ ದಾರಿ ಹೊಳೆಯದಿದ್ದದ್ದು ಅವರ ನಷ್ಟ.

ಶನಿವಾರ

ಪೊವಿಸ್ ಕೋಟೆಗೆ ಹೋಗಬೇಕೆಂದು ಹಟ ಹಿಡಿದವನು ನಾನು. ಶ್ರೂಸ್‌ಬರಿಯಿಂದ ಪಶ್ಚಿಮಕ್ಕೆ ವೆಲ್ಷ್‌ಪೂಲ್‌ವರೆಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಗಡಿ ದಾಟಿ ವೇಲ್ಸಿಗೆ ಬಂದದ್ದು ತಿಳಿಯುವುದು ಫಲಕಗಳಲ್ಲಿ ಎರಡು ಭಾಷೆ ಕಂಡಾಗ. ನಿಲ್ದಾಣದಿಂದ ಊರು ದಾಟಿ, ದೊಡ್ಡ ಓಕ್ ಮರಗಳ ನಡುವೆ ಏರುದಾರಿಯಲ್ಲಿ ನಡೆದರೆ ಕೆಂಪು ಕಲ್ಲಿನ ಕೋಟೆ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಮೋಡದಂತೆ ಉಬ್ಬುಬ್ಬಾಗಿ ಕತ್ತರಿಸಿದ ಯೂ ಮರಗಳು. ತೋಟಕ್ಕೇ ಒಂದು ದಿನ ಬೇಕು. ನಾವು ಅದನ್ನು ಬೆನ್ನಿಗೆ ಹಾಕಿ ಒಳಗೆ ಹೋದೆವು.

ಕ್ಲೈವನ ಮಗ ಎಡ್ವರ್ಡ್ ಈ ಕೋಟೆಯ ಮನೆತನದ ಹೆನ್ರಿಯೆಟ್ಟಾಳನ್ನು ಮದುವೆಯಾದ. 1798ರಿಂದ 1803ರವರೆಗೆ ಮದರಾಸಿನ ಗವರ್ನರ್. ಅಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದು, ಟಿಪ್ಪು ಸುಲ್ತಾನ ಮಡಿದಾಗ ಮದರಾಸಿನ ಗದ್ದುಗೆಯಲ್ಲಿ ಇದ್ದವನು ಇವನೇ. ಮರುವರ್ಷ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿದಳು. ನಮ್ಮ ಊರಿಗೆ ಬಂದ ಮೊದಲ ಪ್ರವಾಸಿಗರ ಪಟ್ಟಿಯಲ್ಲಿ ಆಕೆಯ ಹೆಸರನ್ನು ಸೇರಿಸಬಹುದು. ನಾನು ಹುಡುಗನಾಗಿದ್ದಾಗ ಟಿಪ್ಪು ಬಿದ್ದ ಜಾಗವನ್ನು ಬಸ್ಸಿನಲ್ಲಿ ಬಂದವರಿಗೆ ತೋರಿಸಿ ನಾಲ್ಕಾಣೆ ಸಂಪಾದಿಸುತ್ತಿದ್ದೆ. ಆ ಜಾಗದ ಕಲ್ಲು, ಗುಂಬಜ್, ದರಿಯಾ ದೌಲತ್ ಎಲ್ಲವನ್ನೂ ಕಣ್ಣುಮುಚ್ಚಿ ಹೇಳಬಲ್ಲೆ. ಅವುಗಳ ಒಳಗೆ ಏನೇನಿತ್ತು ಎಂದು ಯಾರಾದರೂ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು.

ಒಳಗಿದ್ದದ್ದು ಇಲ್ಲಿದೆ. ಮಬ್ಬು ಬೆಳಕಿನ ಕೋಣೆ. ಗಾಜಿನ ಹಿಂದೆ ಮುಷ್ಟಿಗಿಂತ ಚಿಕ್ಕದೊಂದು ಹುಲಿಯ ತಲೆ. ಬಂಗಾರ, ಅದರಲ್ಲಿ ಕೆಂಪು, ವಜ್ರ, ಪಚ್ಚೆ ಕೂರಿಸಿದ್ದಾರೆ. ಟಿಪ್ಪುವಿನ ಸಿಂಹಾಸನದ ಸುತ್ತಲಿನ ಕಟಕಟೆಗೆ ಇಂಥ ಎಂಟು ತಲೆಗಳಿದ್ದವು. ಕೋಟೆ ಬಿದ್ದ ಮೇಲೆ ಕೊಳ್ಳೆಯನ್ನು ಹಂಚಲು ನೇಮಕವಾದ ಪ್ರೈಜ್ ಏಜೆಂಟರು ಸಿಂಹಾಸನವನ್ನೇ ಒಡೆಸಿದರು, ದರ್ಜೆಗೆ ತಕ್ಕಂತೆ ಪಾಲು ಹಾಕಬೇಕಲ್ಲ. ಅದಕ್ಕೂ ಖಾತೆ, ಅದಕ್ಕೂ ತಪಾಸಣೆ. ಹುಲಿಯ ಬಾಯಿ ತೆರೆದಿದೆ, ಹಲ್ಲು ಕಾಣುತ್ತವೆ. ಆದರೆ ಮುಖ ಸಿಟ್ಟಿನದ್ದೆಂದು ನನಗೆ ಅನ್ನಿಸಲಿಲ್ಲ. ಆಕಳಿಸುವ ಬೆಕ್ಕಿನ ಹಾಗಿತ್ತು.

ಮುಂದೆ ಡೇರೆ. ಟಿಪ್ಪು ದಂಡಿನ ಜೊತೆ ಹೋಗುವಾಗ ಬಳಸುತ್ತಿದ್ದ ಡೇರೆಯ ಬಟ್ಟೆಯನ್ನು ಡೇರೆಯಾಗಿಯೇ ಹರಡಿ ಕಟ್ಟಿದ್ದಾರೆ. ಬಿಳಿಯ ಹತ್ತಿಬಟ್ಟೆಯ ಮೇಲೆ ಕಮಾನು ಕಮಾನಾಗಿ ಅಂಕಣ. ಪ್ರತಿ ಅಂಕಣದಲ್ಲಿ ಒಂದು ಹೂಜಿ, ಹೂಜಿಯಲ್ಲಿ ಕೆಂಪು ಹೂ, ಹಸಿರು ಎಲೆ. ಬಣ್ಣ ಇನ್ನೂ ಬಿಟ್ಟಿಲ್ಲ. ಯುದ್ಧದ ಡೇರೆಯೊಳಗೆ ಮಲಗಿದವನ ಕಣ್ಣಿಗೆ ತೋಟ ಕಾಣಲಿ ಎಂದು ಮಾಡಿದಂತಿತ್ತು. ಆಮೇಲೆ ಈ ಮನೆಯವರು ಅದನ್ನು ಇಲ್ಲಿನ ತೋಟದ ಔತಣಗಳಿಗೆ ಚಪ್ಪರವಾಗಿ ಕಟ್ಟುತ್ತಿದ್ದರಂತೆ. ಅದರ ಕೆಳಗೆ ನಿಂತು ಚಹಾ ಕುಡಿದವರಿಗೂ ಆ ಹೂಗಳು ಕಂಡಿರಬೇಕು. ನಾನು ದಂಡು, ದಾಳಿ, ದಿನಾಂಕ ಎಂದು ಯೋಚಿಸುತ್ತ ನಿಂತಿದ್ದರೆ ಹೆಂಡತಿ ಹಗ್ಗದಂಚಿಗೆ ಬಾಗಿ ಬಟ್ಟೆಯನ್ನೇ ನೋಡುತ್ತಿದ್ದಳು. "ಇಲ್ಲಿ ನೋಡಿ, ಹರಿದದ್ದನ್ನು ಹೊಲಿದಿದ್ದಾರೆ. ಎಷ್ಟು ಸಣ್ಣ ಹೊಲಿಗೆ" ಎಂದಳು. ಆಮೇಲೆ, "ನಮ್ಮಮ್ಮನ ಪೆಟ್ಟಿಗೆಯಲ್ಲಿದ್ದ ಹಾಸುಬಟ್ಟೆಗೂ ಇದೇ ಹೂಜಿ ಇತ್ತು" ಎಂದಳು. ಆ ಹಾಸುಬಟ್ಟೆ ಏನಾಯಿತು ಎಂದು ಕೇಳಿದೆ. ಸ್ಟೀಲ್ ಪಾತ್ರೆಯವನಿಗೆ ಹಾಕಿ ಎರಡು ಡಬರಿ ತೆಗೆದುಕೊಂಡಿದ್ದರಂತೆ.

ಕೋಣೆಯ ಮೂಲೆಯಲ್ಲಿ ಕುಳಿತಿದ್ದ ಸ್ವಯಂಸೇವಕಿ, ನರೆತ ಕೂದಲಿನ ಹಿರಿಯಾಕೆ, ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಶ್ರೀರಂಗಪಟ್ಟಣ ಎಂದೆ. ಅರ್ಥವಾಗಲಿಲ್ಲ. ಸೆರಿಂಗಪಟಂ ಎಂದೆ. ಆಕೆ ಕುರ್ಚಿಯಿಂದ ಎದ್ದು ನಿಂತರು. ಏನು ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಹೆಸರನ್ನು ನೀವು ಹೇಗೆ ಹೇಳುತ್ತೀರಿ, ಇನ್ನೊಮ್ಮೆ ಹೇಳಿ ಎಂದರು. ಬಿಡಿಸಿ ಹೇಳಿದೆ. ಮೂರನೆಯ ಸಲಕ್ಕೆ "ಣ" ಒಂದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿ ಬಂತು.

ಭಾನುವಾರ

ಹನ್ನೊಂದರ ರೈಲು. ನಿಲ್ದಾಣಕ್ಕೆ ಹೋಗುವ ಕ್ಯಾಸಲ್ ಬೀದಿಯಲ್ಲಿ ಇನ್ನೂ ಒಂದು ಫಲಕ ಓದುವುದಿತ್ತು: 1760ರಲ್ಲಿ ಪೇಲಿನ್ ಎಂಬಾತ ಶ್ರೂಸ್‌ಬರಿ ಕೇಕುಗಳನ್ನು ಮೊದಲು ಮಾಡಿದ ಜಾಗ ಎಂದು ಅದು ಹೇಳುತ್ತದೆ. ಬೆಣ್ಣೆ, ಸಕ್ಕರೆ, ಹಿಟ್ಟು. ಕೇಕೆಂದರೂ ಬಿಸ್ಕತ್ತೇ. ಅಲ್ಲಿ ಈಗ ಬೇಕರಿಯಿಲ್ಲ. ಅದು ಇಲ್ಲಿಂದ ಪುಣೆಗೆ ಹೇಗೆ ಹೋಯಿತು, ಯಾರ ಟ್ರಂಕಿನಲ್ಲಿ ಎಂದು ಫಲಕ ಹೇಳುವುದಿಲ್ಲ.

ಅಣ್ಣನ ಮಗಳು ಒಂದು ಪೊಟ್ಟಣ ಶ್ರೂಸ್‌ಬರಿ ಬಿಸ್ಕತ್ತು ತಂದು ಚಿಕ್ಕಮ್ಮನ ಕೈಚೀಲದಲ್ಲಿ ಇಟ್ಟಿದ್ದಳು, ಊರಲ್ಲಿ ಎಲ್ಲರಿಗೂ ಹಂಚಲೆಂದು. ರೈಲು ಸಿಗ್ನಲ್ ಕೋಣೆ ದಾಟಿ, ಬಲಕ್ಕೆ ರೀಕಿನ್ ಕಾಣುವ ಹೊತ್ತಿಗೆ ಪೊಟ್ಟಣ ಬಿಚ್ಚಿಯಾಗಿತ್ತು. ನಾನು ಒಂದು ಕಚ್ಚಿದೆ, ಹೆಂಡತಿ ಒಂದು ಕಚ್ಚಿದಳು. ನಿಂಬೆಯ ಸಿಪ್ಪೆಯ ವಾಸನೆ ಚೆನ್ನಾಗಿತ್ತು.

"ಪುಣೆಯದ್ದಕ್ಕೆ ಬೆಣ್ಣೆ ಜಾಸ್ತಿ" ಎಂದಳು.

ಬರ್ಮಿಂಗ್‌ಹ್ಯಾಮ್ ಬರುವಷ್ಟರಲ್ಲಿ ಹಂಚಲು ನಾಲ್ಕು ಉಳಿದಿದ್ದವು.